ಕೊನೆಯ ಕುರ್ಚಿಗೆ ಪೈಪೋಟಿ

ಬೈಬಲ್ ಓದಿದರೆ ಮನಸ್ಸಿಗೆ ನೆಮ್ಮದಿ ಎಂದು ಹೇಳುವವರಿದ್ದಾರೆ. ಅವರೆಲ್ಲ ಸುಮ್ಮನೆ ಓದುವವರು. ನಮ್ಮ ಹಾಗೆ ‘ಅನುಗಮನ ಪದ್ಧತಿ’ಯಲ್ಲಿ ಓದಿ ನೋಡಲಿ, ಆಮೇಲೆ ನೆಮ್ಮದಿಯ ಮಾತಾಡಲಿ. ಈ ಪದ್ಧತಿ ನಮ್ಮ ಮನೆಗೆ ಕಾಲಿಟ್ಟ ಮೇಲೆ ನನಗೆ ಎದೆ ಹಗುರವಾಗಿ ಉಸಿರಾಡಿದ ನೆನಪೇ ಇಲ್ಲ.

ಪ್ರತಿ ಗುರುವಾರ ಸಂಜೆ ಬೀದಿಯ ಒಂದಷ್ಟು ಜನ ನಮ್ಮ ನಡುಮನೆಯಲ್ಲಿ ಸೇರುತ್ತೇವೆ. (ನನ್ನದು ಕುರ್ಚಿ ಮೇಜು ಬಾಡಿಗೆಗೆ ಕೊಡುವ ಅಂಗಡಿ. ‘ನಿಮ್ಮನೇಲಾದ್ರೆ ಕೂರೋದಕ್ಕೆ ಬರ ಇಲ್ಲ’ ಎಂದು ನನ್ನನ್ನು ಕೇಳದೆಯೇ ಎಲ್ಲರೂ ಒಮ್ಮತದಿಂದ ತೀರ್ಮಾನಿಸಿದರು.) ನಡೆಸಿಕೊಡುವವರು ನಿವೃತ್ತ ಹೆಡ್‌ಮಿಸ್ಟ್ರೆಸ್. ಒಂದು ವಾಕ್ಯಭಾಗ ತೆಗೆದುಕೊಂಡರೆ ಮೊದಲು ಗಮನಿಸಬೇಕು. ಯಾರು ಹೇಳಿದರು, ಯಾರಿಗೆ ಹೇಳಿದರು, ಎಲ್ಲಿ ಹೇಳಿದರು, ಹಿಂದೆ ಮುಂದೆ ಏನಿದೆ, ಎಲ್ಲ. ಆಮೇಲೆ ಅರ್ಥ ಮಾಡಿಕೊಳ್ಳಬೇಕು. ಇಷ್ಟಕ್ಕೇ ಕೈಬಿಟ್ಟಿದ್ದರೆ ನಾನು ಇವತ್ತು ಮರ್ಯಾದಸ್ಥನಾಗಿ ಉಳಿದಿರುತ್ತಿದ್ದೆ. ಆದರೆ ಅದಾದ ಮೇಲೆ ಅನ್ವಯ ಎಂಬುದೊಂದಿದೆ. ಓದಿದ್ದನ್ನು ಸ್ವಂತ ಬಾಳಿಗೆ ಅನ್ವಯಿಸಬೇಕು. ಅದೂ ಬರುವ ಗುರುವಾರದೊಳಗೆ. ಮಾಡಿದ್ದನ್ನು ಎಲ್ಲರೆದುರು ಒಪ್ಪಿಸಬೇಕು.

“‘ನಾವೆಲ್ಲ ಪ್ರೀತಿಯಿಂದ ಇರೋಣ’ ಅಂದ್ರೆ ಅದು ಅನ್ವಯ ಅಲ್ಲ, ಭಾಷಣ,” ಎನ್ನುತ್ತಾರೆ ಹೆಡ್‌ಮಿಸ್ಟ್ರೆಸ್. “‘ನಾನು’ ಅಂತ ಶುರು ಮಾಡಿ. ಯಾವತ್ತು, ಎಲ್ಲಿ, ಏನ್ಮಾಡ್ತೀರಿ ಹೇಳಿ.” ಹೀಗೆ ಹೇಳಿ ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ, ತಲೆ ನರೆತ ನಾನೂ ಮನೆಪಾಠ ಮಾಡದೆ ಬಂದವನ ಹಾಗೆ ಪುಸ್ತಕದೊಳಗೆ ಮುಖ ಹುದುಗಿಸುತ್ತೇನೆ.

ಅನ್ವಯದಿಂದ ಕೆಟ್ಟವನು ನಾನೊಬ್ಬನೇ ಅಲ್ಲ. ಒಂದು ಮೈಲಿ ಬಾ ಎಂದವನ ಜೊತೆ ಎರಡು ಮೈಲಿ ಹೋಗು ಎಂಬ ಭಾಗ ಓದಿದ ವಾರ, ನಮ್ಮ ಗುಂಪಿನ ಬಸ್ ಡ್ರೈವರ್ ಪ್ರಯಾಣಿಕರನ್ನು ಅವರವರ ನಿಲ್ದಾಣದಲ್ಲಿ ಇಳಿಸದೆ ಮುಂದಿನ ನಿಲ್ದಾಣದವರೆಗೂ ಪ್ರೀತಿಯಿಂದ ಕರೆದೊಯ್ದ. ಡಿಪೋದವರು ಕೊಟ್ಟ ನೋಟಿಸನ್ನು ‘ನೀತಿಗಾಗಿ ಬಂದ ಹಿಂಸೆ’ ಎಂದು ಜೇಬಿನಲ್ಲಿಟ್ಟುಕೊಂಡು ತಿರುಗಿದ. “ಗಮನಿಸೋದ್ರಲ್ಲೇ ಎಡವಿದ್ದೀರಿ,” ಎಂದರು ಹೆಡ್‌ಮಿಸ್ಟ್ರೆಸ್. “ಆ ಪ್ರಯಾಣಿಕರು ನಿಮ್ಮನ್ನ ಬಲವಂತ ಮಾಡಿದ್ರಾ?” ಅವತ್ತು ನಾನು ಬಿದ್ದು ಬಿದ್ದು ನಕ್ಕಿದ್ದೆ. ನಗಬಾರದಿತ್ತು.

ನನ್ನ ಸರದಿ ಬಂದದ್ದು ಔತಣದ ಭಾಗ ಓದಿದ ವಾರ. ಊಟಕ್ಕೆ ಕರೆದ ಕಡೆ ಹೋಗಿ ಮುಂದಿನ ಸ್ಥಾನದಲ್ಲಿ ಕೂರಬೇಡ, ನಿನಗಿಂತ ದೊಡ್ಡವರು ಬಂದರೆ ನಾಚಿಕೆಯಿಂದ ಏಳಬೇಕಾದೀತು. ಕೊನೆಯಲ್ಲಿ ಕೂರು, ಆಗ ಕರೆದವನೇ ಬಂದು ‘ಗೆಳೆಯಾ, ಮೇಲಕ್ಕೆ ಬಾ’ ಎನ್ನುತ್ತಾನೆ, ಎಲ್ಲರೆದುರು ಮರ್ಯಾದೆ ಸಿಗುತ್ತದೆ. ಇದು ಅದರ ತಾತ್ಪರ್ಯ. ಕೇಳುತ್ತಿದ್ದಂತೆ ನನ್ನ ಮೈ ಜುಮ್ಮೆಂದಿತು. ಏಕೆಂದರೆ ಈ ವಿಷಯದಲ್ಲಿ ನನಗೊಂದು ಹಳೆಯ ಗಾಯವಿದೆ. ನಮ್ಮ ಚರ್ಚಿನ ವಾರ್ಷಿಕೋತ್ಸವದ ದಿನ ಮುಂದಿನ ಸೋಫಾದಲ್ಲಿ ಗಂಭೀರವಾಗಿ ಕೂತಿದ್ದೆ. ಕಾರ್ಯದರ್ಶಿ ಬಂದು ಕಿವಿಯಲ್ಲಿ, “ಸ್ವಲ್ಪ ಎದ್ದೇಳಿ, ಮುಖ್ಯ ಅತಿಥಿಗಳು ಬಂದ್ರು” ಎಂದ. ಸೋಫಾ ಯಾರದು? ನನ್ನದು! ನನ್ನ ಅಂಗಡಿಯಿಂದಲೇ ಹೋದದ್ದು. ಹಿಂದಿನ ಸಾಲಿನಲ್ಲಿ ನಿಂತು ಇಡೀ ಸಭೆ ಮುಗಿಸಿದೆ. ಅಂದಿನಿಂದ ‘ಮೇಲಕ್ಕೆ ಬಾ’ ಎಂದು ಯಾರಾದರೂ ನನ್ನ ಭುಜದ ಮೇಲೆ ಕೈಯಿಡಲಿ ಎಂದು ಕಾಯುತ್ತಿದ್ದೇನೆ. ಈಗ ಅದಕ್ಕೆ ದಾರಿಯೇ ಸಿಕ್ಕಿತು.

“ನಾನು ಗಮನಿಸಿದ್ದು ಏನಂದ್ರೆ,” ಎಂದಳು ನನ್ನ ಹೆಂಡತಿ, “ಈ ಮಾತು ಊಟಕ್ಕೆ ಬಂದವರಿಗೆ ಹೇಳಿದ್ದು. ಊಟಕ್ಕೆ ಕರೆದವನಿಗೆ ಮುಂದೆ ಬೇರೆ ಮಾತೇ ಇದೆ.”

“ತುಂಬಾ ಚೆನ್ನಾಗಿ ಗಮನಿಸಿದ್ದೀರಿ,” ಎಂದರು ಹೆಡ್‌ಮಿಸ್ಟ್ರೆಸ್. ನಾನು ಗಮನಿಸಲಿಲ್ಲ. ನಾನಾಗಲೇ ಅನ್ವಯದಲ್ಲಿದ್ದೆ.

“ನಾನು,” ಎಂದು ಎದ್ದು ನಿಂತೆ, “ಈ ಶನಿವಾರ, ನಮ್ಮ ಮಗಳ ಮದುವೆ ಮಾತುಕತೆಯ ಊಟದಲ್ಲಿ, ಕೊನೇ ಕುರ್ಚೀಲಿ ಕೂತ್ಕೊಳ್ತೀನಿ!”

‘ನಾನು’ ಇತ್ತು, ದಿನ ಇತ್ತು, ಜಾಗ ಇತ್ತು. ಹೆಡ್‌ಮಿಸ್ಟ್ರೆಸ್ ತಲೆದೂಗಿದರು. ಬಸ್ ಡ್ರೈವರ್, ಟೈಲರ್, ನರ್ಸಮ್ಮ, ಎಲ್ಲರೂ “ನಾನೂ ಅದೇ” “ನಂದೂ ಅದೇ” ಎಂದು ಗೊಣಗಿದರು. ಇವರನ್ನೆಲ್ಲ ಆ ಊಟಕ್ಕೆ ನಾನೇ ಕರೆದಿದ್ದೆ ಎಂಬುದನ್ನಾದರೂ ಆಗ ಗಮನಿಸಬೇಕಾಗಿತ್ತು. ಗಮನಿಸಲಿಲ್ಲ. ಹೆಂಡತಿ ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತಳು.

ಆ ಶನಿವಾರ ಎಂಥ ಶನಿವಾರವೆಂದು ಹೇಳಬೇಕು. ನಮಗಿರುವುದು ಒಬ್ಬಳೇ ಮಗಳು. ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ. ಅಲ್ಲಿಗೆ ಹಲ್ಲಿನ ಸೆಟ್ ಮಾಡಿಕೊಡುವ ಹುಡುಗನನ್ನು ಮೆಚ್ಚಿದ್ದಾಳೆ, ಅವನೂ ಮೆಚ್ಚಿದ್ದಾನೆ. ಹುಡುಗನ ಅಪ್ಪ ತೂಕ ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು, ಈಗಲೂ ಎದುರಿಗಿದ್ದವರ ಒಂದೊಂದು ಮಾತನ್ನೂ ತೂಗಿಯೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಅವರೂ ಹೇಗೋ ಒಪ್ಪಿದ್ದರು. ಉಳಿದದ್ದು ಹುಡುಗನ ಅಜ್ಜಿ, ಶನಿವಾರದ ಊಟಕ್ಕೆ ಬಂದು ತೀರ್ಮಾನ ಹೇಳುವವರಿದ್ದರು. ಬೇರೆ ಊರಿನಲ್ಲಿರುವ ಆಕೆಯನ್ನು ನಾವ್ಯಾರೂ ನೋಡಿರಲಿಲ್ಲ. ಆ ಮನೆಯಲ್ಲಿ ಅಜ್ಜಿ ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ. ಹಿರಿಯ ಮೊಮ್ಮಗನಿಗೆ ಹೆಣ್ಣು ನೋಡಿದಾಗ, ಹುಡುಗಿಯ ಚಿಕ್ಕಪ್ಪ ಬಡಿಸುವವರನ್ನು ಗದರಿದರೆಂದು ಊಟದ ನಡುವೆಯೇ ಎದ್ದು ಹೋಗಿದ್ದರಂತೆ. ಸಂಬಂಧ ಅಲ್ಲಿಗೇ ಮುರಿದಿತ್ತು.

ಶುಕ್ರವಾರ ಮಗಳು ಅಂಗಡಿಗೇ ಬಂದಳು. ಪೇರಿಸಿಟ್ಟ ಕುರ್ಚಿಗಳ ನಡುವೆ ನಿಂತು ನನ್ನ ಕೈ ಹಿಡಿದುಕೊಂಡಳು.

“ಅಪ್ಪಾ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಳೆ ಒಂದು ಸಂಜೆ ಮಾತ್ರ, ಏನನ್ನೂ ಅನ್ವಯಿಸಬೇಡಿ.”

“ನಿನ್ನ ಒಳ್ಳೇದಕ್ಕೇ ಕಣಮ್ಮ. ಹುಡುಗಿಯ ಅಪ್ಪ ಎಷ್ಟು ವಿನಯವಂತ ಅಂತ ಅಜ್ಜಿ ನೋಡ್ಲಿ.”

“ವಿನಯ ಬೇಡಪ್ಪ. ಬಾಗಿಲಲ್ಲಿ ನಿಂತು ‘ಬನ್ನಿ’ ಅನ್ನಿ, ಸಾಕು.”

ಮಕ್ಕಳಿಗೆ ದೂರದೃಷ್ಟಿ ಇರುವುದಿಲ್ಲ ಎಂದುಕೊಂಡೆ. ಆದರೆ ಅವಳು ಕೈ ಹಿಡಿದ ಜಾಗ ಸಂಜೆಯವರೆಗೂ ಬೆಚ್ಚಗಿತ್ತು. ಈ ಹುಡುಗಿಯ ಬಾಳು ನನ್ನಿಂದ ಕೆಟ್ಟರೆ ಎಂಬ ಭಯ ಬಂದು ಹೋಯಿತು. ಬಂದದ್ದನ್ನು ಕೂರಿಸಿ ಮಾತಾಡಿಸುವ ಬದಲು ನಾನೇ ಹೊರಗೆ ಕಳಿಸಿದೆ.

ಶನಿವಾರ, ಊಟಕ್ಕೆಂದು ಗೊತ್ತುಮಾಡಿದ್ದ ಸಭಾಂಗಣದಲ್ಲಿ ಕುರ್ಚಿ ಹಾಕಿಸಿದ್ದು ನಾನೇ. ಮುಂದೆ ಬೀಗರಿಗೆಂದು ಬಿಳಿ ಬಟ್ಟೆ ಹಾಸಿದ ಮೇಜು, ಮೆತ್ತೆಯ ಕುರ್ಚಿಗಳು. ಅದರಲ್ಲಿ ನಮಗೂ ಎರಡು. ಆಮೇಲೆ ಸಾಲು ಸಾಲಾಗಿ ಮೇಜುಗಳು. ಎಲ್ಲಕ್ಕಿಂತ ಕೊನೆಗೆ, ಕಂಬದ ಹಿಂದೆ, ಕೈ ತೊಳೆಯುವ ಬೇಸಿನ್ ಪಕ್ಕದಲ್ಲಿ, ಅಂಗಡಿಯಿಂದ ಆರಿಸಿ ತಂದಿದ್ದ ‘ಕುಂಟ’ನನ್ನು ಇಟ್ಟೆ. ಕುಂಟ ಎಂದರೆ ನಮ್ಮ ಅತ್ಯಂತ ಹಳೆಯ ಪ್ಲಾಸ್ಟಿಕ್ ಕುರ್ಚಿ. ಒಂದು ಕಾಲು ಗಿಡ್ಡ, ಒಡೆದ ತೋಳಿಗೆ ತಂತಿ ಕಟ್ಟಿದೆ, ಬಾಡಿಗೆಗೆ ಕೊಟ್ಟರೆ ಬೈಗುಳ ಬರುತ್ತದೆ. ವಿನಯಕ್ಕೆ ಇದಕ್ಕಿಂತ ತಕ್ಕ ಆಸನ ಎಲ್ಲಿ ಸಿಕ್ಕೀತು? ಹುಡುಗನ ಅಪ್ಪ ಇಷ್ಟು ದೂರ ನಡೆದು ಬಂದು, ಭುಜದ ಮೇಲೆ ಕೈಯಿಟ್ಟು, ‘ಬೀಗರೇ, ಮೇಲಕ್ಕೆ ಬನ್ನಿ’ ಎನ್ನುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. (ಮೊದಲ ಸಲ ‘ಪರವಾಗಿಲ್ಲ ಬಿಡಿ’ ಎನ್ನಬೇಕು, ಎರಡನೇ ಸಲ ಏಳಬೇಕು ಎಂದೂ ನಿಶ್ಚಯಿಸಿದೆ.)

“ರೀ,” ಎಂದಳು ಹೆಂಡತಿ, “ಅದೇನದು ಬೇಸಿನ್ ಹತ್ರ?”

“ಹೆಚ್ಚುವರಿ ಕುರ್ಚಿ.”

“ನಿಮ್ಮ ಮುಖ ನೋಡಿದ್ರೆ ಹೆಚ್ಚುವರಿ ತಲೆನೋವಿನ ಹಾಗಿದೆ. ಇವತ್ತೇನಾದ್ರೂ ಹೆಚ್ಚು ಕಡಿಮೆ ಆದ್ರೆ ನಾನು ಸುಮ್ಮನಿರೋಳಲ್ಲ.”

ಮೊದಲು ಬಂದದ್ದು ನಮ್ಮ ಗುರುವಾರದ ಗುಂಪು. ಬಂದವರು ಬಾಗಿಲಲ್ಲಿ ಒಮ್ಮೆ ಕಣ್ಣಾಡಿಸಿ, ಮುಂದಿನ ಮೇಜುಗಳನ್ನೆಲ್ಲ ದಾಟಿ ಸೀದಾ ಕೊನೆಯ ಮೇಜಿಗೆ ನುಗ್ಗಿದರು. ಬಸ್ ಡ್ರೈವರ್ ತುದಿಯ ಕುರ್ಚಿ ಹಿಡಿದ. ಟೈಲರ್ ಅದೇ ಕುರ್ಚಿಯ ಬೆನ್ನು ಹಿಡಿದ.

“ನೀವು ಮೇಲೆ ಹೋಗಿ, ಡ್ರೈವರ್ ಸಾಹೇಬ್ರೇ. ನಿಮ್ಮಂಥ ದೊಡ್ಡವರು ಇಲ್ಲಿ ಕೂರೋದಾ?”

“ನಾನ್ಯಾವ ದೊಡ್ಡವನು? ನೀವೇ ದೊಡ್ಡವರು. ನಡೀರಿ ಮುಂದೆ!”

“ನಾನು ಬರೋ ದಾರೀಲೇ ಈ ಸೀಟು ಮನಸ್ಸಿನಲ್ಲಿ ಹಿಡ್ಕೊಂಡಿದ್ದೆ.”

“ಸೀಟಿನ ವಿಷಯ ನನಗೆ ಹೇಳ್ಕೊಡ್ತೀರಾ? ದಿನಾ ಇದೇ ಜಗಳ ನೋಡೋನು ನಾನು!”

ನರ್ಸಮ್ಮ ಸದ್ದಿಲ್ಲದೆ ಇಬ್ಬರ ನಡುವೆ ನುಸುಳಿ ಕೂತುಬಿಟ್ಟರು. “ನಾನು ಎಲ್ಲರಿಗಿಂತ ಚಿಕ್ಕವಳು,” ಎಂದು ಕೈಚೀಲವನ್ನು ಮೇಜಿನ ಮೇಲೆ ಊರಿದರು. ಹೆಡ್‌ಮಿಸ್ಟ್ರೆಸ್ ಬಂದವರು ಇವರನ್ನೆಲ್ಲ ಕನ್ನಡಕದ ಮೇಲಿಂದ ನೋಡಿ, ಬಾಗಿಲ ಮೂಲೆಯಲ್ಲಿ ಚಿಕ್ಕ ಮಕ್ಕಳಿಗೆಂದು ಹಾಕಿದ್ದ ಮೋಟು ಬೆಂಚಿನ ಮೇಲೆ ಮಂಡಿ ಗದ್ದಕ್ಕೆ ತಾಗುವಂತೆ ಕೂತರು. ಅದನ್ನು ಕಂಡು ಉಳಿದವರ ಮುಖ ಬಾಡಿತು. ಎಷ್ಟಾದರೂ ಗುರು ಗುರುವೇ.

ಹೀಗಾಗಿ ಬೀಗರು ಬಂದಾಗ ಇಡೀ ಸಭಾಂಗಣದ ಮುಂಭಾಗ ಖಾಲಿ. ನಮ್ಮ ಕಡೆಯವರೆಲ್ಲ ಹಿಂದಿನ ಗೋಡೆಗೆ ಒತ್ತಿಕೊಂಡು, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಎಂಬಂತೆ ಕೂತಿದ್ದರು. ಹುಡುಗನ ಅಪ್ಪ ಬಾಗಿಲಲ್ಲೇ ನಿಂತು ಈ ದೃಶ್ಯವನ್ನು ತೂಗಿದರು.

“ಏನ್ ಬೀಗಿತಿ,” ಎಂದು ನನ್ನ ಹೆಂಡತಿಯನ್ನು ಕೇಳಿದರು, “ನಾವು ಬರ್ತೀವಿ ಅಂತ ನಿಮ್ಮೋರೆಲ್ಲ ಹಿಂದಕ್ಕೆ ಸರಿದ್ರಾ?”

“ಅಯ್ಯೋ ಇಲ್ಲ ಇಲ್ಲ, ಅದು... ಹಿಂದೆ ಗಾಳಿ ಚೆನ್ನಾಗಿ ಬರತ್ತೆ,” ಎಂದಳು ಹೆಂಡತಿ. ಅಲ್ಲಿ ಕಿಟಕಿಯೂ ಇರಲಿಲ್ಲ, ಫ್ಯಾನೂ ಇರಲಿಲ್ಲ.

“ಮತ್ತೆ ಬೀಗರೆಲ್ಲಿ?”

ಬೀಗರು, ಅಂದರೆ ನಾನು, ಬಾಗಿಲಲ್ಲಿ ನಿಂತು ‘ಬನ್ನಿ’ ಎನ್ನಬೇಕಾದವನು, ಆ ಹೊತ್ತಿಗೆ ಕಂಬದ ಹಿಂದೆ ಒಂದು ಘೋರ ಸಂಕಟದಲ್ಲಿದ್ದೆ. ನನ್ನ ಕುಂಟನ ಮೇಲೆ ಯಾರೋ ಕೂತಿದ್ದರು!

ಒಬ್ಬ ಮುದುಕಿ. ಸಾದಾ ಸೀರೆ, ಸವೆದ ಚಪ್ಪಲಿ, ಮಡಿಲಲ್ಲಿ ಬಟ್ಟೆಯ ಚೀಲ. ಮಂಡಿ ನೀವಿಕೊಳ್ಳುತ್ತಾ ನೆಮ್ಮದಿಯಾಗಿ ಕೂತಿದ್ದರು. ಅಡುಗೆಯವರ ಕಡೆಯ ಅಜ್ಜಿ ಇರಬೇಕು, ಹಿಂಬಾಗಿಲಿನಿಂದ ಬಂದಿರಬೇಕು ಎಂದುಕೊಂಡೆ. ಎಲ್ಲ ಕೊನೆಯ ಜಾಗಗಳೂ ಭರ್ತಿ. ಉಳಿದಿದ್ದ ಒಂದೂ ಹೋಯಿತು. ಇನ್ನೇನು ಹುಡುಗನ ಅಪ್ಪ ನನ್ನನ್ನು ಹುಡುಕಿಕೊಂಡು ಬರುತ್ತಾರೆ, ಬಂದಾಗ ನಾನು ನಿಂತಿದ್ದರೆ ‘ಮೇಲಕ್ಕೆ ಬನ್ನಿ’ ಎನ್ನುವುದು ಹೇಗೆ?

“ಅಜ್ಜೀ, ಮುಂದೆ ಎಷ್ಟೊಂದು ಜಾಗ ಖಾಲಿ ಇದೆ. ಅಲ್ಲಿ ಆರಾಮವಾಗಿ ಕೂತ್ಕೊಳ್ಳಿ.”

“ಬೇಡಪ್ಪಾ, ಮಂಡಿ ನೋವು. ಇಲ್ಲೇ ಸರಿಯಾಗಿದೆ.”

“ಈ ಕುರ್ಚಿ ಸರಿಯಿಲ್ಲ ಅಜ್ಜಿ, ಕಾಲು ಗಿಡ್ಡ.”

“ನಂದೂ ಒಂದು ಕಾಲು ಹಂಗೇ ಇದೆ. ಹೊಂದಿಕೊಳ್ತು.”

“ಅದಲ್ಲ... ಇದು ನನ್ನ ಜಾಗ. ನಾನೇ ಇಟ್ಕೊಂಡಿದ್ದು.”

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹೊಸ ಕೋಟು, ಟೈ. “ಕೋಟು ಹಾಕ್ಕೊಂಡು ಬೇಸಿನ್ ಹತ್ರ ಜಾಗ ಹಿಡಿದಿಟ್ಕೊಂಡಿದ್ದೀರಾ? ಯಾಕಪ್ಪಾ, ಹೊಟ್ಟೆ ಕೆಟ್ಟಿದ್ಯಾ?”

“ಇಲ್ಲ ಅಜ್ಜಿ. ಇದು... ಆತ್ಮಿಕ ವಿಷಯ. ಎದ್ದೇಳಿ ಸ್ವಲ್ಪ, ದಯವಿಟ್ಟು. ಹೊತ್ತಾಗ್ತಿದೆ!”

ಕೊನೆಯ ಮಾತು ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಅಜ್ಜಿ ಬೇಸಿನ್ ಹಿಡಿದುಕೊಂಡು ನಿಧಾನವಾಗಿ ಎದ್ದು ನಿಂತರು. ನಾನು ಕೂತೆ. ಕುಂಟ ಒಮ್ಮೆ ವಾಲಿ ನಿಂತ. ಕೈಗಳನ್ನು ಜೋಡಿಸಿ, ಮುಖದ ಮೇಲೆ ದೀನಭಾವ ತಂದುಕೊಂಡು, ಭುಜವನ್ನು ಯಾರ ಕೈಗಾದರೂ ಸಿಗುವಂತೆ ಸ್ವಲ್ಪ ಮುಂದಕ್ಕೆ ಚಾಚಿ ಕಾದೆ.

“ಅಮ್ಮ ಎಲ್ಲಿ?” ಎಂಬ ಧ್ವನಿ ಕೇಳಿತು. ಹುಡುಗನ ಅಪ್ಪನದು.

“ಮುಂದೆ ಮೆಟ್ಟಿಲು ಜಾಸ್ತಿ ಅಂತ ಅಜ್ಜೀನ ಹಿಂಬಾಗಿಲಲ್ಲಿ ಇಳಿಸಿದೆನಲ್ಲಪ್ಪ,” ಎಂದ ಹುಡುಗ. “ಇಲ್ಲೇ ಎಲ್ಲೋ ಕೂತಿರ್ತಾರೆ.”

ಅಪ್ಪ ಮಗ ಕಂಬವನ್ನು ಬಳಸಿ ಬಂದರು. ಹಿಂದೆ ನನ್ನ ಹೆಂಡತಿ, ಅವಳ ಹಿಂದೆ ಮಗಳು. ಬಂದವರಿಗೆ ಕಂಡದ್ದಿಷ್ಟು. ಮಂಡಿ ನೋವಿನ ಅಜ್ಜಿ ಬೇಸಿನ್ ಹಿಡಿದು ನಿಂತಿದ್ದಾರೆ. ಅವರೆದುರಿಗೆ ಹುಡುಗಿಯ ಅಪ್ಪ ಕುರ್ಚಿಯಲ್ಲಿ ಕೂತಿದ್ದಾನೆ, ಮಹಾ ವಿನಯದಿಂದ.

“ಅಮ್ಮಾ, ಯಾಕೆ ನಿಂತಿದ್ದೀಯ?”

“ಇವರು ಎಬ್ಬಿಸಿದ್ರಪ್ಪ,” ಎಂದರು ಅಜ್ಜಿ. “ಆತ್ಮಿಕ ವಿಷಯ ಅಂತೆ.”

ಭೂಮಿ ಬಾಯಿ ಬಿಡಲಿಲ್ಲ, ಸಭಾಂಗಣದ ನೆಲ ಗಟ್ಟಿ ಸಿಮೆಂಟಿನದು. ಗಡಬಡಿಸಿ ಎದ್ದೆ. ಎದ್ದವನ ಜೊತೆ ಕುಂಟನೂ ಎದ್ದ! ತೋಳಿಗೆ ಕಟ್ಟಿದ್ದ ತಂತಿ ನನ್ನ ಹೊಸ ಕೋಟಿಗೆ ಸಿಕ್ಕಿಕೊಂಡಿತ್ತು. ಅಜ್ಜಿಯ ಕಡೆ ತಿರುಗಿ “ಕ್ಷಮಿಸಿ” ಎಂದೆ, ಕುರ್ಚಿ ಹುಡುಗನ ಅಪ್ಪನ ಮಂಡಿಗೆ ಬಡಿಯಿತು. ಅವರ ಕಡೆ ತಿರುಗಿ “ಕ್ಷಮಿಸಿ” ಎಂದೆ, ಕುರ್ಚಿ ಬೇಸಿನ್ನಿಗೆ ಬಡಿಯಿತು. ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. (ಬಸ್ ಡ್ರೈವರ್. ನೋಟಿಸಿನ ಸೇಡು.) ಹುಡುಗನ ಅಪ್ಪ ಮಂಡಿ ಹಿಡಿದುಕೊಂಡು, “ಬೀಗರೇ, ಇದೇನು ಮರ್ಯಾದೆ?” ಎಂದರು. ಆ ‘ಬೀಗರೇ’ ಎಂಬ ಮಾತು ಇನ್ನು ಹೆಚ್ಚು ಹೊತ್ತು ಉಳಿಯುವಂತೆ ಕಾಣಲಿಲ್ಲ.

ನಾನು ಮಗಳ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ಒಂದು ಸಂಜೆ ಮಾತ್ರ ಎಂದು ಕೇಳಿದ್ದಳು. ಅಷ್ಟೂ ಕೊಡಲಾಗದ ಅಪ್ಪ ನಾನು. ಆಗ ನನಗಾದ ಸಂಕಟವನ್ನು ನಗೆಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬೆನ್ನಿಗೆ ಕುರ್ಚಿ ಹೊತ್ತು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದೆ.

ಅಜ್ಜಿ ನನ್ನ ಮಗಳ ಕಡೆ ತಿರುಗಿದರು. “ಏನಮ್ಮಾ, ಇವರು ಯಾರು?”

‘ಯಾರೋ ಕುರ್ಚಿಯಂಗಡಿಯವರು’ ಎಂದಿದ್ದರೂ ಸುಳ್ಳಾಗುತ್ತಿರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಹಾಗೇ ಅನ್ನುತ್ತಿದ್ದೆ.

“ನಮ್ಮಪ್ಪ, ಅಜ್ಜಿ,” ಎಂದಳು ಮಗಳು. ಮುಂದಿನ ಸಾಲಿನಿಂದ ಮೆತ್ತೆಯ ಕುರ್ಚಿಯೊಂದನ್ನು ಎಳೆದು ತಂದು ಅಜ್ಜಿಯನ್ನು ಕೂರಿಸಿದಳು. ಆಮೇಲೆ ನನ್ನ ಹಿಂದೆ ಮಂಡಿಯೂರಿ ಕೂತು, ಕೋಟು ಹರಿಯದ ಹಾಗೆ ತಂತಿ ಬಿಡಿಸತೊಡಗಿದಳು. “ಅಲ್ಲಾಡಬೇಡಿ ಅಪ್ಪಾ,” ಎಂದಳು. ಹಲ್ಲಿನ ಆಸ್ಪತ್ರೆಯಲ್ಲಿ ಹೆದರಿದವರಿಗೆ ಹೇಳುವಷ್ಟೇ ಮೆತ್ತಗೆ.

ಅಜ್ಜಿ ಅದನ್ನು ಪೂರ್ತಿ ಮುಗಿಯುವವರೆಗೂ ನೋಡಿದರು. ಆಮೇಲೆ ಮೊಮ್ಮಗ ಮಾಡಿಕೊಟ್ಟ ಹಲ್ಲುಗಳೆಲ್ಲ ಕಾಣುವಂತೆ ನಕ್ಕರು.

“ಇಷ್ಟು ಜನರ ಮುಂದೆ, ಇಂಥ ಹೊತ್ತಲ್ಲಿ, ಇಂಥವರನ್ನ ‘ನಮ್ಮಪ್ಪ’ ಅಂತ ಒಪ್ಪಿಕೊಂಡ್ಳಲ್ಲ,” ಎಂದು ಮಗನಿಗೆ ಹೇಳಿದರು, “ಈ ಹುಡುಗಿ ನಿನ್ನನ್ನೂ ಸಹಿಸ್ಕೊಳ್ತಾಳೆ ಕಣೋ. ಇನ್ನೇನೂ ನೋಡೋದು ಬೇಡ. ಆಗ್ಲಿ.”

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಜ್ಜಿಯನ್ನು ಕೈಹಿಡಿದು ಮುಂದಿನ ಮೇಜಿಗೆ ಕರೆದೊಯ್ದಳು. ನಾನು ಮೆಲ್ಲಗೆ ಕುಂಟನನ್ನು ಎತ್ತಿಕೊಂಡು ಕಂಬದ ಹಿಂದೆ ಸರಿಯತೊಡಗಿದೆ. ಆಗ ಭುಜದ ಮೇಲೆ ಕೈ ಬಿತ್ತು. ಹುಡುಗನ ಅಪ್ಪನದು. ಇನ್ನೊಂದು ಕೈ ಇನ್ನೂ ಮಂಡಿ ನೀವುತ್ತಿತ್ತು.

“ಬೀಗರೇ,” ಎಂದರು, “ಮೇಲಕ್ಕೆ ಬನ್ನಿ. ಅಮ್ಮ ಕರೀತಿದ್ದಾರೆ.”

ನಾನು ಹಗಲಿರುಳು ಕಾದ ಅದೇ ಮಾತು, ಅಕ್ಷರಕ್ಕೆ ಅಕ್ಷರ. “ಪರವಾಗಿಲ್ಲ ಬಿಡಿ,” ಎಂದೆ.

“ಪರವಾಗಿದೆ,” ಎಂದರು ಅಜ್ಜಿ ಮುಂದಿನ ಮೇಜಿನಿಂದಲೇ. “ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ. ಕಣ್ಣೆದುರಿಗಿದ್ರೆ ಇನ್ಯಾರನ್ನೂ ಎಬ್ಬಿಸಲ್ಲ.”

ಎಲ್ಲರೆದುರು, ಎಲ್ಲಕ್ಕಿಂತ ಮುಂದಿನ ಮೆತ್ತೆಯ ಕುರ್ಚಿಯಲ್ಲಿ ಕೂತು ಉಂಡೆ. ಒಂದು ತುತ್ತೂ ರುಚಿಸಲಿಲ್ಲ. ನಾನು ಎದ್ದು ಕೈ ತೊಳೆಯಲು ಹೊರಟಾಗಲೂ ಅಜ್ಜಿ, “ಅಲ್ಲಿ ಯಾರಾದ್ರೂ ಕೂತಿದ್ರೆ ಹಾಗೇ ಬಿಡಿ,” ಎಂದರು.

ಗುರುವಾರ ಬಂತು. ಹೆಡ್‌ಮಿಸ್ಟ್ರೆಸ್ (ಬೆಂಚಿನಿಂದ ಏಳುವಾಗ ಸೊಂಟ ಹಿಡಿದುಕೊಂಡಿತ್ತು, ಆದ್ದರಿಂದ ನಿಂತೇ ಇದ್ದರು) ಮುಂದಿನ ವಾಕ್ಯಭಾಗ ತೆಗೆದರು. ಊಟಕ್ಕೆ ಕರೆದವನಿಗೆ ಹೇಳಿದ ಮಾತುಗಳು. ನಾನು ಗಮನಿಸುತ್ತಾ, ಬರೀ ಗಮನಿಸುತ್ತಾ ಕೂತೆ. ಕೊನೆಗೆ ಅನ್ವಯದ ಹೊತ್ತು ಬಂದಾಗ ನನ್ನ ಹೆಂಡತಿ ಎದ್ದು ನಿಂತಳು.

“ನಾನು,” ಎಂದಳು, “ಮದುವೆಯ ದಿನ, ಸಭಾಂಗಣದ ಬಾಗಿಲಲ್ಲಿ, ಇವರನ್ನ ನಿಲ್ಲಿಸ್ತೀನಿ. ಕೊನೇವರೆಗೂ.”

ಹೆಡ್‌ಮಿಸ್ಟ್ರೆಸ್ ತಲೆದೂಗಿದರು. “ದಿನ ಇದೆ, ಜಾಗ ಇದೆ, ಅರ್ಥಾನೂ ಸರಿಯಾಗಿದೆ. ಇದು ಅನ್ವಯ!” ಎಂದರು.

ಈಗ ಮದುವೆಗೆ ಸಿದ್ಧತೆ ನಡೆದಿದೆ. ಇಡೀ ಸಭಾಂಗಣಕ್ಕೆ ಕುರ್ಚಿಗಳು ನನ್ನ ಅಂಗಡಿಯಿಂದಲೇ ಹೋಗುತ್ತವೆ. ಅಜ್ಜಿಗೆ ಹೊಸ ಮೆತ್ತೆಯದು, ಗುರುವಾರದ ಗುಂಪಿಗೆ ಮುಂದಿನ ಸಾಲಿನವು, ಎಲ್ಲವನ್ನೂ ಒರೆಸಿ ಇಟ್ಟಿದ್ದೇನೆ. ಕೂರಲು ನನಗೊಂದೂ ಇಲ್ಲ.